ಅಚ್ಚಾಗದ ಕೊನೆಯ ಸಾಲು

ಸರ್ವಮಂಗಳಾ ಮಧುಗಿರಿಯ ಆ ಪತ್ರಿಕಾ ಕಚೇರಿಗೆ ಬಂದದ್ದು ಜಗಳ ಆಡಲಿಕ್ಕೆ. ಮೆಟ್ಟಿಲು ಹತ್ತುವ ಚಪ್ಪಲಿಯ ಸದ್ದೇ ಅದನ್ನು ಹೇಳುತ್ತಿತ್ತು.

"ಲಕ್ಷ್ಮೀಪತಿ ಅಂದ್ರೆ ಯಾರ್ರೀ?"

ಕಂಪ್ಯೂಟರ್ ಮುಂದೆ ಕೂತಿದ್ದ ಲಕ್ಷ್ಮೀಪತಿಗೆ ಮುಖ ಕಾಣುವ ಮೊದಲೇ ದನಿಯ ಗುರುತು ಸಿಕ್ಕಿತು. ಗಡಬಡಿಸಿ ಎದ್ದ. ಕಿವಿಯಲ್ಲಿದ್ದ ಇಯರ್‌ಫೋನಿನ ವೈರು ಮೊಬೈಲನ್ನು ಎಳೆದು ನೆಲಕ್ಕೆ ಬೀಳಿಸಿತು. ವರ್ಷಗಟ್ಟಲೆ ಭಾನುವಾರ ಭಾನುವಾರ ಕಿವಿಯೊಳಗೇ ಇದ್ದ ದನಿಯೊಂದು ಹೀಗೆ ಹಳದಿ ಚೂಡಿದಾರ ಹಾಕಿಕೊಂಡು, ಕತ್ತಿನ ಬೆವರು ಒರೆಸಿಕೊಳ್ಳುತ್ತ ಎದುರಿಗೆ ನಿಂತರೆ ಯಾರಿಗಾದರೂ ಹಾಗೇ ಆಗುತ್ತದೆ.

"ನಾನೇ. ಕೂತ್ಕೊಳ್ಳಿ. ಯಾವಾಗ ಬಂದ್ರಿ?"

"ಕೂತ್ಕೊಳ್ಳೋಕೆ ಬಂದಿಲ್ಲ. ನನ್ನ ಕೊನೇ ಸಾಲುಗಳೆಲ್ಲ ಎಲ್ಲಿಗೆ ಹೋಗ್ತವೆ ಅಂತ ಕೇಳೋಕೆ ಬಂದೆ."

ಲಕ್ಷ್ಮೀಪತಿ ನಡೆಸುತ್ತಿದ್ದದ್ದು 'ಜಯಮಂಗಲಿ' ಎಂಬ ವಾರಪತ್ರಿಕೆ. ಮಧುಗಿರಿಯಲ್ಲಿ ಅಚ್ಚಾಗಿ, ಖಾಸಗಿ ಬಸ್ಸುಗಳಲ್ಲಿ ಕೊರಟಗೆರೆ, ಶಿರಾ, ಪಾವಗಡಕ್ಕೆ ಹೋಗುತ್ತಿತ್ತು. ಅದರ ಮೂರನೆಯ ಪುಟದಲ್ಲಿ 'ಆ ದೇಶ ಈ ದೇಶ' ಎಂಬ ಅಂಕಣ. ಪುರವರದ ಮಗಳು, ಐರ್ಲೆಂಡಿನ ಸ್ಲೈಗೋ ಎಂಬ ಊರಿನಲ್ಲಿ ನರ್ಸ್ ಆಗಿರುವ ಸರ್ವಮಂಗಳಾ ಅಲ್ಲಿ ಎರಡೂ ದೇಶದ ರಾಜಕೀಯವನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದಳು. ಕೂತು ಬರೆಯುವಷ್ಟು ಪುರುಸೊತ್ತು ಅವಳಿಗಿಲ್ಲ. ನೈಟ್ ಡ್ಯೂಟಿ ಮುಗಿಸಿ ಮನೆಗೆ ನಡೆಯುತ್ತ ವಾಯ್ಸ್ ಮೆಸೇಜ್ ಕಳಿಸುತ್ತಾಳೆ, ಲಕ್ಷ್ಮೀಪತಿ ಕೇಳಿಸಿಕೊಂಡು ಟೈಪ್ ಮಾಡುತ್ತಾನೆ. ಅವಳ ಮಾತಿನ ಹಿಂದೆ ಗಾಳಿ, ಕಡಲ ಹಕ್ಕಿಗಳ ಕೂಗು. ಅವನು ಕಳಿಸುವ ಉತ್ತರ ಯಾವಾಗಲೂ ಒಂದೇ ಪದ: 'ಬಂತು.'

"ಎಮ್ಮೆಲ್ಲೆ ಕಡೆಯೋರು ಜಾಹೀರಾತು ನಿಲ್ಲಿಸ್ತಾರೆ ಅಂತ ತಾನೇ ಕತ್ತರಿ ಹಾಕೋದು?" ಎಂದಳು ಸರ್ವಮಂಗಳಾ.

ಅವನು ಹಳೆಯ ಸಂಚಿಕೆಗಳನ್ನು ಮೇಜಿನ ಮೇಲೆ ಹರಡಿದ. "ಎಮ್ಮೆಲ್ಲೆನ ಬೈದಿದ್ದು ಒಂದಕ್ಷರನೂ ಬುಟ್ಟಿಲ್ಲ. ನೀವೇ ನೋಡ್ಕೊಳ್ಳಿ."

ಅವಳು ನಿಂತೇ ಓದಿದಳು. ನಿಜ, ಬೈಗುಳವೆಲ್ಲ ಇದ್ದಲ್ಲೇ ಇತ್ತು. ಮತ್ತೆ ಕಾಣೆಯಾದದ್ದು ಏನು ಎಂಬುದು ಅವಳಿಗೇ ನೆನಪಿರಲಿಲ್ಲ. ಅವನಿಗೆ ನೆನಪಿತ್ತು. ಕಿಟಕಿಯ ಕಡೆ ತಿರುಗಿ, ಯಾರದೋ ಮಾತು ಹೇಳುವವನಂತೆ ಹೇಳಿದ:

"'ಎರಡು ದೇಶದ ಮಂತ್ರಿಗಳ ಹೆಸರೂ ನನಗೆ ಬಾಯಿಪಾಠ. ಊಟ ಆಯ್ತಾ ಅಂತ ನನ್ನ ಕೇಳೋರು ಮಾತ್ರ ಎರಡು ದೇಶದಲ್ಲೂ ಒಬ್ರಿಲ್ಲ.' ಆಮೇಲೆ, ಯುಗಾದಿ ವಾರದ್ದು: 'ಬೀಗ ತೆಗೆದು ಒಳಗೆ ಹೋಗೋಕೆ ಮನಸ್ಸಿಲ್ಲ, ಇನ್ನೊಂದು ರೌಂಡ್ ನಡೀತೀನಿ.' ಅಂಥವು. ಅವನ್ನ ಕತ್ತರಿಸಿದ್ದು ನಾನೇ."

ಸರ್ವಮಂಗಳಾ ಈಗ ಕುರ್ಚಿ ಎಳೆದುಕೊಂಡು ಕೂತಳು. ಸಿಟ್ಟು ಇಳಿದ ಮುಖದಲ್ಲಿ ದಣಿವೊಂದೇ ಉಳಿದಿತ್ತು.

"ಯಾಕೆ ಕತ್ತರಿಸಿದ್ರಿ?"

"ನಮ್ಮ ಪತ್ರಿಕೆನ ಕಟಿಂಗ್ ಶಾಪಲ್ಲಿ ಜೋರಾಗಿ ಓದ್ತಾರೆ. ಆ ಸಾಲು ಕೇಳಿ ಯಾರೋ ಒಬ್ಬ ನಗೋದು ನನಗೆ ಬೇಡವಾಗಿತ್ತು." ಅವನು ನೆಲದ ಮೇಲಿದ್ದ ಮೊಬೈಲ್ ಎತ್ತಿಕೊಂಡ. "ಅದೂ ಅಲ್ದೆ, ಅದು ಓದೋರಿಗೆ ಹೇಳಿದ್ದು ಅನ್ನಿಸಲಿಲ್ಲ."

"ಮತ್ಯಾರಿಗೆ ಹೇಳಿದ್ದು?"

ಅವನು ಟೀ ತರಿಸಿದ. ಟೀ ಕುಡಿಯುವಾಗ ಅವಳು ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಅವನು ನೋಡಿದಾಗಲೆಲ್ಲ ಅವಳ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಗುತ್ತಿತ್ತು. ಆ ಕ್ಯಾಲೆಂಡರ್ ಹೋದ ವರ್ಷದ್ದು ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವಳು ಬಂದದ್ದು ಲೋಕಸಭೆಗೆ ಓಟು ಹಾಕಲು. ಹೊರದೇಶದಲ್ಲಿ ಇರುವವರು ಓಟು ಹಾಕಬೇಕೆಂದರೆ ಊರಿಗೇ ಬರಬೇಕು. ರಜೆ ಕೂಡಿಟ್ಟು ಬಂದಿದ್ದಳು. "ಶುಕ್ರವಾರ ಪುರವರಕ್ಕೆ ಬನ್ನಿ. ಫೋಟೊ ತೆಗೆದು ನಾಲ್ಕು ಸಾಲು ಹಾಕಿ. ಈ ಸಲ ನಾಲ್ಕನ್ನೂ ಹಾಕಿ" ಎಂದು ಹೇಳಿ ಮೆಟ್ಟಿಲಿಳಿದಳು. ಇಳಿಯುವಾಗ ಚಪ್ಪಲಿಯ ಸದ್ದು ಮೆತ್ತಗಾಗಿತ್ತು.

ಶುಕ್ರವಾರ ಪುರವರದ ಶಾಲೆಯ ಮುಂದೆ ಬಿಸಿಲಲ್ಲೇ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಓಟರ್ ಕಾರ್ಡ್, ಅವಳ ಕೈಯಲ್ಲಿ ಮಾತ್ರ ಪಾಸ್‌ಪೋರ್ಟ್. ವಿದೇಶದ ಮತದಾರರು ಅದನ್ನೇ ತೋರಿಸಬೇಕೆಂಬುದು ನಿಯಮ. ಹಿಂದೆ ನಿಂತಿದ್ದ ಅಜ್ಜಿಯೊಬ್ಬಳು ಕೇಳಿದಳು, "ಯಾಕವ್ವ, ನಿನ್ನೂರ ಇಸ್ಕೂಲೊಳಕ್ಕೆ ಹೋಗಾಕೂ ಪಾಸ್‌ಪೋರ್ಟಾ?"

"ಹೂಂ ಕಣಜ್ಜಿ. ಅಲ್ಲಿ ನೀನು ಯಾವೂರವಳು ಅಂತಾರೆ, ಇಲ್ಲಿ ನೀನು ಯಾವ ದೇಶದವಳು ಅಂತಾರೆ."

ಎರಡೂ ಪಕ್ಷದ ಹುಡುಗರು ಅವಳನ್ನು ನೋಡಿ ತಮ್ಮವಳು ಎಂಬಂತೆ ನಕ್ಕರು. ಅವಳು ಲಕ್ಷ್ಮೀಪತಿಯ ಕಡೆ ಬಾಗಿ, "ಇಬ್ರೂ ನನ್ನ ಅಂಕಣನ ಅರ್ಧರ್ಧ ಓದಿದಾರೆ" ಎಂದಳು. ಅವಳ ಮುಡಿಯ ಮಲ್ಲಿಗೆಯ ವಾಸನೆ ಅವನ ಮೂಗಿಗೆ ಬಡಿಯಿತು. ಕ್ಯಾಮೆರಾ ಸರಿಮಾಡುವ ನೆಪದಲ್ಲಿ ಒಂದು ಹೆಜ್ಜೆ ಹಿಂದೆ ಸರಿದ.

ಓಟು ಹಾಕಿ ಬಂದವಳು ಶಾಯಿ ಹಚ್ಚಿದ ಬೆರಳನ್ನು ಎತ್ತಿ ನಿಂತಳು. ಅವನು ಬೇಕಾದದ್ದಕ್ಕಿಂತ ಹೆಚ್ಚು ಫೋಟೊ ತೆಗೆದ.

"ಸಾಕು ಬುಡಿ, ಪತ್ರಿಕೆ ಇರೋದೇ ನಾಲ್ಕು ಪುಟ." ಆಮೇಲೆ ಬೆರಳನ್ನು ತಾನೇ ನೋಡಿಕೊಂಡಳು. "ಇದೇ ಕೊನೇ ಸಲ ಇರಬೌದು. ಜೂನಲ್ಲಿ ಅಲ್ಲಿ ಪ್ರಮಾಣವಚನ. ಪೌರತ್ವ ಕೊಡ್ತಾರೆ. ತಗೊಂಡ್ರೆ ಈ ಪಾಸ್‌ಪೋರ್ಟ್ ವಾಪಸ್ ಕೊಡಬೇಕು, ಇಲ್ಲಿ ಓಟಿಲ್ಲ."

ಲಕ್ಷ್ಮೀಪತಿ ಕ್ಯಾಮೆರಾ ಇಳಿಸಿದ. ಓಟು ಹಾಕಲಿಕ್ಕಾದರೂ ಬರುತ್ತಾಳೆ ಎಂದು ಮನಸ್ಸು ಆಗಲೇ ಮುಂದಿನ ಚುನಾವಣೆಯ ಲೆಕ್ಕ ಹಾಕಿಬಿಟ್ಟಿತ್ತು.

"ತಗೊಳ್ಳಲೇಬೇಕಾ?"

"ಹೋದ ವರ್ಷ ಡಬ್ಲಿನ್ನಲ್ಲಿ ಬಸ್ಸಿಗೆ ಬೆಂಕಿ ಇಟ್ರಲ್ಲ, ಹೊರಗಿನೋರು ಹೊರಟೋಗಿ ಅಂತ. ಅವತ್ತಿಂದ ನಮ್ಮ ಹುಡುಗಿಯರು ಡ್ಯೂಟಿ ಮುಗಿಸಿ ಒಬ್ಬೊಬ್ರೇ ಹೋಗಲ್ಲ. ಕೈಯಲ್ಲಿ ಆ ದೇಶದ ಪಾಸ್‌ಪೋರ್ಟ್ ಇದ್ರೆ ಒಂಚೂರು ಧೈರ್ಯ." ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದಳು, "ನಾನು ಮಾತ್ರ ಒಬ್ಳೇ ನಡ್ಕೊಂಡು ಹೋಗ್ತೀನಿ. ನಿಮಗೆ ಮೆಸೇಜ್ ಮಾಡ್ತಾ ಹೋದ್ರೆ ಯಾರೋ ಜೊತೇಲಿದ್ದಂಗೆ ಇರ್ತದೆ."

ಅಪ್ಪ ಅಮ್ಮ ಇಲ್ಲದ ಅವಳಿಗೆ ಪುರವರದಲ್ಲಿ ಉಳಿದಿದ್ದವಳು ಚಿಕ್ಕಮ್ಮ ಸಿದ್ದಗಂಗಮ್ಮ ಒಬ್ಬಳೇ. ಒಳ್ಳೆಯ ಹೆಂಗಸು. ಶಾಲೆಯಿಂದ ಇಬ್ಬರೂ ಅವಳ ಮನೆಗೆ ಹೋದಾಗ ಜಗುಲಿಯ ಮೇಲೆ ಚಾಪೆ ಹಾಸಿ, ಫ್ಯಾನ್ ತಂದಿಟ್ಟು ಉಪಚರಿಸಿದಳು.

"ಯಾರ ಮಗನಪ್ಪ ನೀನು?"

"ದೊಡ್ಡಹನುಮಯ್ಯನ ಮಗ."

"ಓ" ಎಂದಳು ಸಿದ್ದಗಂಗಮ್ಮ. ಯಾವ ಕೇರಿ ಎಂಬುದು ಆ ಹೆಸರಿನಲ್ಲೇ ಗೊತ್ತಾಯಿತು. ಒಳಗೆ ಹೋಗಿ ಕಾಫಿ ತಂದಳು. ಸರ್ವಮಂಗಳೆಗೆ ಸ್ಟೀಲ್ ಲೋಟದಲ್ಲಿ, ಅವನಿಗೆ ಪೇಪರ್ ಕಪ್ಪಿನಲ್ಲಿ.

ಸರ್ವಮಂಗಳಾ ಎರಡನ್ನೂ ನೋಡಿದಳು. "ಚಿಕ್ಕಮ್ಮ, ನನಗೂ ಪೇಪರ್ ಕಪ್ಪಲ್ಲೇ ಕೊಡು."

"ನಿಂಗ್ಯಾಕ್ ಮಗಾ ಅದು? ಲೋಟ ಐತಲ್ಲ."

"ಅವರಿಗ್ಯಾಕೆ ಅದು?"

ಸಿದ್ದಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿಸ್ಲಲ್ಲಿ ಹೊಂಟೋಗೋರು ಅಂತ ಅಂಗೆ ಕೊಟ್ಟೆ ಕಣಮ್ಮ." ಲಕ್ಷ್ಮೀಪತಿ ಬಿಸಿ ಕಾಫಿಯನ್ನು ಗಟಗಟ ಕುಡಿದು, ಕಪ್ಪನ್ನು ತಾನೇ ಮುದುರಿ ಜೇಬಿಗೆ ಹಾಕಿಕೊಂಡು ಎದ್ದ. ಸರ್ವಮಂಗಳೆಯ ಲೋಟ ತುಂಬಿದ್ದು ತುಂಬಿದ ಹಾಗೇ ಉಳಿಯಿತು.

ಬೇಲಿಯ ಹತ್ತಿರ ಅವಳು ಓಡಿ ಬಂದು ಅವನ ಬೈಕಿನ ಹ್ಯಾಂಡಲ್ ಹಿಡಿದಳು. ಕಣ್ಣು ತುಂಬಿತ್ತು.

"ಅಲ್ಲಿ ಬಸ್ಸಲ್ಲಿ ನನ್ನ ಪಕ್ಕದ ಸೀಟಲ್ಲಿ ಯಾರೂ ಕೂರಲ್ಲ ಅಂತ ಅಂಕಣದಲ್ಲಿ ಹೇಳಿದ್ನಲ್ಲ, ಅದನ್ನ ಓದಿಸಿಕೊಂಡು ಚಿಕ್ಕಮ್ಮ ಫೋನಲ್ಲಿ ಅತ್ತಿದ್ಲು."

"ಆ ವಾರ ಪತ್ರಿಕೆ ಚೆನ್ನಾಗಿ ಹೋಯ್ತು" ಎಂದ ಅವನು. ಅವಳ ಮುಖ ನೋಡಿ ದನಿ ಇಳಿಸಿದ. "ಬುಡಿ. ಪೇಪರ್ ಕಪ್ ಆರೋಗ್ಯಕ್ಕೆ ಒಳ್ಳೇದಲ್ಲ ಅಂತ ಒಂದು ಸಂಪಾದಕೀಯ ಬರೀತೀನಿ."

ಅಳುತ್ತಲೇ ಅವಳಿಗೆ ನಗು ಬಂತು. ನಗುತ್ತಲೇ ಅವನ ತೋಳಿಗೆ ಒಂದು ಏಟು ಕೊಟ್ಟಳು. ಮಧುಗಿರಿಗೆ ಹಿಂದಿರುಗುವವರೆಗೂ ಆ ತೋಳು ಬೆಚ್ಚಗಿತ್ತು. ಅಮ್ಮ ಹೋದ ಮೇಲೆ ಯಾರೂ ಅವನನ್ನು ಹಾಗೆ ಸಲಿಗೆಯಿಂದ ಮುಟ್ಟಿರಲಿಲ್ಲ. ಕಚೇರಿಯ ಹಿಂದಿನ ಕೋಣೆ, ಮೆಸ್ಸಿನ ಮುದ್ದೆ, ಅವಳ ವಾಯ್ಸ್ ಮೆಸೇಜು: ಅವನ ಬದುಕು ಇದ್ದದ್ದೇ ಇಷ್ಟು.

ಅವಳು ಹೊರಡುವ ದಿನ ಅವನು ಪತ್ರಿಕೆಯ ಕಟ್ಟು ತಲುಪಿಸುವ ನೆಪ ಮಾಡಿಕೊಂಡು ಅದೇ ಬಸ್ಸು ಹತ್ತಿದ. ಕೊರಟಗೆರೆಯವರೆಗೆ ಒಂದೇ ಸೀಟು.

"ಅಲ್ಲಿ ಓಟು ಹೆಂಗೆ ಹಾಕ್ತೀರಿ?" ಎಂದು ಕೇಳಿದ. ಗೊತ್ತಿತ್ತು, ಅವನೇ ಟೈಪ್ ಮಾಡಿದ್ದ. ಅವಳ ಮಾತು ಕೇಳಬೇಕಿತ್ತು ಅಷ್ಟೇ.

"ಹೆಸರುಗಳ ಮುಂದೆ ಒಂದು, ಎರಡು, ಮೂರು ಅಂತ ಬರೀತೀವಿ. ಮೊದಲನೇ ಆಯ್ಕೆಯೋನು ಸೋತ್ರೆ ಓಟು ಎರಡನೆಯವನಿಗೆ ಹೋಗ್ತದೆ. ನಾನು ಬದುಕಿರೋದೂ ಹಂಗೇ. ಮೊದಲು ಮದುವೆ, ಅದು ಆಗಲಿಲ್ಲ. ಎರಡನೇದು ಕೆಲಸ." ಅವಳು ಅವನ ಕಡೆ ತಿರುಗಿದಳು. "ನೀವು?"

"ಇಲ್ಲಿ ಒಂದೇ ಗುಂಡಿ. ಒತ್ತಿದ್ರೆ ಮುಗೀತು."

"ಒತ್ತಿದ್ದೀರಾ?"

"ಒತ್ತಿದ್ದೀನಿ. ಬೀಪ್ ಸದ್ದು ಮಾತ್ರ ಬಂದಿಲ್ಲ."

ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಕಿವಿಯ ತುದಿ ಕೆಂಪಾದದ್ದು ಅವನಿಗೆ ಕಂಡಿತು. ಕಿಟಕಿಯ ಹೊರಗೇ ನೋಡುತ್ತ ಕೇಳಿದಳು:

"ಪೌರತ್ವ ತಗೊಳ್ಳಲಾ, ಬೇಡ್ವಾ? ನೀವು ಹೇಳಿ."

ಅವನು ಪತ್ರಿಕೆ ಕಟ್ಟಿನ ದಾರ ಬಿಗಿಮಾಡಿದ. ಬೇಡ, ಇಲ್ಲೇ ಇರಿ ಎಂದರೆ ಅವಳನ್ನು ಪೇಪರ್ ಕಪ್ಪಿನ ಊರಿಗೆ ಕರೆದಂತೆ. ಎರಡು ದೇಶದ ಜೊತೆ ಜಗಳ ಆಡುತ್ತಿರುವವಳಿಗೆ ಚಿಕ್ಕಮ್ಮನ ಜೊತೆಗೂ ಒಂದು ಜಗಳ ಹಚ್ಚಿದಂತೆ. ಹೋಗಿ ಎನ್ನಲು ನಾಲಿಗೆ ಏಳಲಿಲ್ಲ.

"ಒಂದು ಕಡೆಯಿಂದ ನೋಡಿದ್ರೆ ತಗೊಳ್ಳೋದು ಒಳ್ಳೇದು. ಇನ್ನೊಂದು ಕಡೆಯಿಂದ ನೋಡಿದ್ರೆ..."

"ಸಂಪಾದಕೀಯ ಸಾಕು." ಅವಳ ದನಿ ತಣ್ಣಗಾಗಿತ್ತು. "ಬೇರೆಯೋರ ಕೊನೇ ಸಾಲು ಕತ್ತರಿಸಿ ಕತ್ತರಿಸಿ ನಿಮ್ಮದನ್ನೂ ಕತ್ತರಿಸೋದು ಕಲ್ತುಬಿಟ್ಟಿದ್ದೀರಿ."

ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಕಟ್ಟು ಹಿಡಿದು ಇಳಿದ. ಬಸ್ಸು ಅವಳನ್ನು ಕೂರಿಸಿಕೊಂಡು ಬೆಂಗಳೂರಿನ ಕಡೆ ಹೊರಟಿತು. ಕಿಟಕಿಯ ಸರಳಿನ ಮೇಲೆ ಶಾಯಿಯ ಬೆರಳು ಸ್ವಲ್ಪ ದೂರದವರೆಗೆ ಕಾಣುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

ಮೇ ತಿಂಗಳ ಮೆಸೇಜುಗಳಲ್ಲಿ ಬರೀ ರಾಜಕೀಯವಿತ್ತು. ಅಲ್ಲಿನ ಮನೆ ಬಾಡಿಗೆ, ಇಲ್ಲಿನ ಪ್ರಚಾರ ಭಾಷಣ. ಕೊನೆಯ ಸಾಲುಗಳೇ ಇರಲಿಲ್ಲ. ಕತ್ತರಿಸಲು ಏನೂ ಇಲ್ಲದ ಆ ಅಂಕಣಗಳನ್ನು ಟೈಪ್ ಮಾಡುವಾಗ ಅವನಿಗೆ ಅಳು ಬರುವಂತಾಗುತ್ತಿತ್ತು. ಆದರೂ ಕಳಿಸಿದ್ದು ಅದೇ: 'ಬಂತು.'

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೆಸ್ಸಿಗೆ ಹೊರಟವನ ಮೊಬೈಲ್ ಸದ್ದು ಮಾಡಿತು. ಅಲ್ಲೇ ಮೆಟ್ಟಿಲ ಮೇಲೆ ಕೂತ. ಕಡಲ ಹಕ್ಕಿಗಳು, ಗಾಳಿ, ಅವಳ ಉಸಿರು.

"ಮೊನ್ನೆ ಶುಕ್ರವಾರ ಇಲ್ಲಿ ಊರಿನ ಕೌನ್ಸಿಲ್ ಚುನಾವಣೆ. ಪೌರತ್ವ ಇಲ್ದಿದ್ರೂ ಇದಕ್ಕೆ ಓಟು ಕೊಡ್ತಾರೆ. ಚೀಟಿ ಕೊಡೋ ಹೆಂಗಸು ನನ್ನ ಬೆರಳು ನೋಡಿ, ಏಟಾಗಿದ್ಯಾ ಅಂದ್ಲು. ಇಲ್ಲ, ಊರಲ್ಲಿ ಓಟು ಹಾಕಿ ಬಂದೆ ಅಂದೆ. ಶಾಯಿ ಇನ್ನೂ ಹೋಗಿಲ್ಲ, ಉಗುರು ಬೆಳೆದಂಗೆ ತುದಿಗೆ ಬಂದಿದೆ. ಕತ್ತರಿಸೋಕೆ ಮನಸ್ಸಾಗಿಲ್ಲ. ಇದು ಅಂಕಣಕ್ಕೆ." ಬೀಗದ ಕೈ ಗಲಗಲ ಅಂದ ಸದ್ದು. "ಇನ್ಮುಂದಿನದು ಅಂಕಣಕ್ಕಲ್ಲ. ಮುಂದಿನ ವಾರ ಪ್ರಮಾಣವಚನ. ಹೋಗು ಅನ್ನೋರೂ ಇಲ್ಲ, ಬೇಡ ಅನ್ನೋರೂ ಇಲ್ಲ. ಬಾಗಿಲ ಮುಂದೆ ನಿಂತಿದೀನಿ."

ಅಭ್ಯಾಸದ ಬೆರಳು 'ಬಂ' ಎಂದು ಟೈಪ್ ಮಾಡಿತು. ಲಕ್ಷ್ಮೀಪತಿ ಅದನ್ನು ಅಳಿಸಿದ. ಮೊದಲ ಸಲ ಮೈಕಿನ ಗುರುತನ್ನು ಒತ್ತಿ ಹಿಡಿದ. ಹಿಂದೆ ಪಾವಗಡದ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು.

"ಹೋಗಿ, ತಗೊಳ್ಳಿ. ಒಬ್ಬರೇ ನಡೀವಾಗ ಧೈರ್ಯ ಇರಲಿ. ನಿಮ್ಮ ಓಟು ಯಾವ ದೇಶಕ್ಕಾದ್ರೂ ಹೋಗಲಿ, ಅದರ ಮೇಲೆ ನನಗೆ ಆಸೆ ಇಲ್ಲ. ನಿಮ್ಮ ಮೇಲಿದೆ. ತುಂಬಾ ದಿನದಿಂದ ಇದೆ. ನಿಮ್ಮ ಚಿಕ್ಕಮ್ಮನಿಗೆ ಹೇಳೋ ಕೆಲಸ ನನಗೇ ಬುಡಿ, ಅವರ ಮನೆ ಜಗುಲಿ ಮೇಲೇ ಕೂತು ಹೇಳ್ತೀನಿ." ನಿಲ್ಲಿಸಬೇಕು ಎನಿಸಿತು, ಆದರೆ ಬೆರಳು ತೆಗೆಯಲಿಲ್ಲ. "ಸರ್ವಮಂಗಳಾ, ಊಟ ಆಯ್ತಾ?"

ಕಳಿಸಿದ. ಬಿಸಿಲಲ್ಲಿ ಕೂತ. ಎದುರಿನ ಬೆಟ್ಟದ ಕಡೆ ನೋಡಿದ, ಮತ್ತೆ ಮೊಬೈಲಿನ ಕಡೆ ನೋಡಿದ. ಅವಳು ಕೇಳಿಸಿಕೊಂಡ ಗುರುತು ಬಂತು. ಉತ್ತರ ಬರಲಿಲ್ಲ. ಮೆಸ್ಸಿನ ಹುಡುಗರು ಬಾಗಿಲು ಹಾಕುವ ಹೊತ್ತಾಯಿತು. ಆದರೂ ಅವನು ಏಳಲಿಲ್ಲ.

ಉತ್ತರ ಬಂದಾಗ ಅವಳ ದನಿ ನೆಗಡಿಯಾದವರ ಹಾಗೆ ಕಟ್ಟಿಕೊಂಡಿತ್ತು. ಹಿಂದೆ ಗಾಳಿ ಇರಲಿಲ್ಲ, ಹಕ್ಕಿಗಳೂ ಇರಲಿಲ್ಲ. ಅವಳು ಒಳಗೆ ಹೋಗಿದ್ದಳು.

"ಇಲ್ಲಿನ್ನೂ ಬೆಳಿಗ್ಗೆ ಕಣ್ರೀ. ತಿಂಡೀನೂ ಆಗಿಲ್ಲ." ಮೂಗು ಒರೆಸಿಕೊಂಡ ಸದ್ದು. "ಒಲೆ ಹಚ್ಚಿದೀನಿ, ಉಪ್ಪಿಟ್ಟಿಗೆ. ನಿಮ್ದು ಊಟ?"

"ಇಲ್ಲ" ಎಂದು ಅವನು ಮೈಕಿಗೆ ಹೇಳಿದ. "ನಿಮ್ದಾಗಲಿ. ಇಲ್ಲೇ ಕೂತಿರ್ತೀನಿ."