ಇಣುಕುಗಣ್ಣಿನ ತಾಳ

ನೀಲಾಂಬಿಕಾ ಇಣುಕುಗಣ್ಣನ್ನು ಮೆಹಬೂಬಿಯ ಮಂಡಿಗೆ ಅಂಟಿಸಿ, "ನಡೀರಿ" ಎಂದಳು. ಮಂಡಿಯೆಂದರೆ ಮಾಂಸದ್ದಲ್ಲ, ನೀಲಾ ಕೆಲಸ ಮಾಡುವ ಹುಬ್ಬಳ್ಳಿಯ ಪ್ರಯೋಗಾಲಯ ಪರೀಕ್ಷೆಗೆಂದು ಕೊಟ್ಟಿದ್ದ ಯಂತ್ರದ ಕಾಲಿನದು. ಗಿರ್ಮಿಟ್ ಅಂಗಡಿಯ ಮೆಹಬೂಬಿ ಸೆರಗು ಸಿಕ್ಕಿಸಿಕೊಂಡು ಕಾರಿಡಾರಿನ ತುದಿಯವರೆಗೆ ನಡೆದಳು. ಪರದೆಯ ಮೇಲೆ ಬಣ್ಣದ ಪಟ್ಟಿಗಳು ಬೆಳೆಯತೊಡಗಿದವು.

ಕಾಲಿನೊಳಗೆ ಒಂದು ಚಿಪ್, ಅದರೊಳಗೆ ಹಲವರು ಸೇರಿ ಬರೆದ ಪ್ರೋಗ್ರಾಮು. ಯಾರ ಭಾಗ ಎಷ್ಟು ಹೊತ್ತು, ಎಷ್ಟು ಬ್ಯಾಟರಿ ತಿನ್ನುತ್ತದೆ ಎಂಬುದು ಬರೆದವರಿಗೂ ಗೊತ್ತಿರುವುದಿಲ್ಲ. ಹಿಂದಿನ ಕಾಲದ ಉಪಕರಣಗಳು ಅದನ್ನು ಕಂಡುಹಿಡಿಯಲು ಪ್ರೋಗ್ರಾಮಿನೊಳಗೇ ಕೂತು ಅದನ್ನು ನಿಧಾನ ಮಾಡುತ್ತಿದ್ದವು. ನೀಲಾ ಕಟ್ಟಿದ ಇಣುಕುಗಣ್ಣು ಹೊರಗಿದ್ದುಕೊಂಡೇ ಸೆಕೆಂಡಿಗೆ ನೂರು ಸಲ ಇಣುಕಿ, ಆ ಗಳಿಗೆಯಲ್ಲಿ ಚಿಪ್ಪಿನ ಯಾವ ಆಜ್ಞೆ ದುಡಿಯುತ್ತಿದೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಹೆಚ್ಚು ಸಲ ಸಿಕ್ಕಿಬಿದ್ದವರ ಪಟ್ಟಿ ಅಗಲವಾಗುತ್ತಿತ್ತು.

ಇವತ್ತು ಒಂದು ಕೆಂಪು ಪಟ್ಟಿ ಪರದೆಯನ್ನೇ ಆವರಿಸಿತು. ಪಾರಿಸನ ಭಾಗ.

"ಅಯ್ಯ, ಪಾಪ" ಎಂದಳು ನೀಲಾ. ಆ ಮಾತು ಬಾಯಲ್ಲಿ ಕಲ್ಲುಸಕ್ಕರೆಯಂತೆ ಕರಗಿತು. ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು. ಯಾರದಾದರೂ ಭಾಗವನ್ನು ಕಿತ್ತುಹಾಕಲೇಬೇಕಿತ್ತು.

ಪಾರ್ಶ್ವನಾಥ ಅಣ್ಣಿಗೇರಿ, ಎಲ್ಲರ ಬಾಯಲ್ಲಿ ಪಾರಿಸ, ಅವಳ ಜೊತೆಗೇ ಕೆಲಸಕ್ಕೆ ಸೇರಿದವನು. ಹೆಜ್ಜೆ ಊರುವ ಮುಂಚೆ ನೆಲವನ್ನು ಅಂದಾಜು ಮಾಡುವ ಚಿಕ್ಕ ಭಾಗವೊಂದನ್ನು ಬರೆದಿದ್ದ, ಅಷ್ಟೆ. ಮೆಹಬೂಬಿ ಇಡೀ ಕಾಲನ್ನು "ಪಾರಿಸಣ್ಣನ ಕಾಲು" ಎಂದಳು. ಪತ್ರಿಕೆಯವರು ಹಾಗೇ ಬರೆದರು, ಕಡೆಗೆ ನಿರ್ದೇಶಕರೂ ಹಾಗೇ ಅನ್ನತೊಡಗಿದರು. ನೀಲಾಳ ಉಪಕರಣವಿಲ್ಲದೆ ಆ ಕಾಲಿನ ಒಂದು ದೋಷವೂ ಸಿಗುತ್ತಿರಲಿಲ್ಲ. ಅದನ್ನು ನೀಲಾಳ ಕಣ್ಣು ಎಂದು ಒಂದು ನರಪಿಳ್ಳೆಯೂ ಕರೆಯಲಿಲ್ಲ. ಕ್ಯಾಂಟೀನಿನಲ್ಲಿ ಪಾರಿಸ ನಕ್ಕದ್ದು ಕೇಳಿದರೆ ಅವಳ ತಟ್ಟೆಯ ಮಿರ್ಚಿ ಭಜಿ ಸಪ್ಪಗಾಗುತ್ತಿತ್ತು.

"ನಂದು ಇಷ್ಟು ತಿನ್ನೂದಿಲ್ಲ ನೀಲಾ, ಎಲ್ಲೋ ತಪ್ಪೇತಿ" ಎಂದ ಅವನು ಸಭೆಯಲ್ಲಿ. "ಇನ್ನೊಮ್ಮೆ ನೋಡು."

"ಎಷ್ಟ್ ಸಲ ನೋಡ್ಲೋ ಮಾರಾಯ? ಕಣ್ಣು ನಂದು, ಹೊಟ್ಟಿಬಾಕತನ ನಿಂದು."

ಎಲ್ಲರೂ ನಕ್ಕರು. ಪಾರಿಸನೂ ನಕ್ಕ. ಅದಕ್ಕೆ ಅವಳಿಗೆ ಇನ್ನಷ್ಟು ಉರಿಯಿತು.

"ಅಳತಿ ಮುಂದ ನಾವ್ ಏನ್ ಮಾತಾಡೂದ್ರಿ? ತಗೀರಿ ಅದನ್ನ" ಎಂದರು ನಿರ್ದೇಶಕ ಹಿರೇಗೌಡರು. ಪಾರಿಸನನ್ನು ತಂಡದಿಂದಲೇ ಬಿಡಿಸಿದರು. ಇನ್ನು ಮುಂದೆ ತಯಾರಾಗುವ ಪ್ರತಿ ಕಾಲಿಗೂ ಇಣುಕುಗಣ್ಣಿನ ಪರೀಕ್ಷೆ ಕಡ್ಡಾಯ ಎಂಬ ಒಪ್ಪಂದಕ್ಕೆ ಮುಂದಿನ ಸೋಮವಾರ ಸಹಿಯಾಗುವುದಿತ್ತು.

ಭಾಗ ಹೋಯಿತು, ಬ್ಯಾಟರಿ ಮಾತ್ರ ಮಧ್ಯಾಹ್ನಕ್ಕೇ ಸಾಯುತ್ತಿತ್ತು. ಆ ವಾರವೇ ಮೆಹಬೂಬಿ ತನ್ನ ಅಂಗಡಿಯ ಮೆಟ್ಟಿಲಲ್ಲಿ ಬಿದ್ದಳು. ನೀಲಾ ನೋಡಲು ಹೋದಾಗ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಒಂದೇ ಕೈಯಲ್ಲಿ ಮಂಡಕ್ಕಿ ಕಲೆಸುತ್ತಿದ್ದಳು.

"ಏನ್ ಮಾಡಿದ್ರಿ ಅಕ್ಕಾರ ಇದಕ್ಕ? ಮೊದಲ ನನಗಿಂತ ಮುಂಚೆ ಕಾಲು ಹೆದರತಿತ್ತು. ಈಗ ಅದರ ಹೆದರಿಕಿನೂ ನಾನ ಹೆದರಬೇಕಾಗೇತಿ!"

ನೀಲಾ ಕಾಲನ್ನು ಪ್ರಯೋಗಾಲಯಕ್ಕೆ ತಂದು, ಹಳೆಯ ಪ್ರೋಗ್ರಾಮನ್ನೇ ಮತ್ತೆ ತುಂಬಿದಳು. ಈ ಸಲ ಇಣುಕುಗಣ್ಣಿಗೆ ಒಂದೇ ತಾಳದಲ್ಲಿ ಇಣುಕಬೇಡ, ಮನಸ್ಸಿಗೆ ಬಂದ ಗಳಿಗೆಗೆ ಇಣುಕು ಎಂದು ಆಜ್ಞೆ ಕೊಟ್ಟಳು. ಕೆಂಪು ಪಟ್ಟಿ ಇಳಿಯುತ್ತ ಇಳಿಯುತ್ತ ನೂಲಿನೆಳೆಯಾಯಿತು. ಅಗಲವಾದ ಪಟ್ಟಿ ಬೇರೆಯದೇ ಆಗಿತ್ತು: ಹೊರಗಿನಿಂದ ಕೊಂಡು ಸೇರಿಸಿದ, ಕಾಲು ಎಲ್ಲಿದೆ ಎಂದು ಬಿಡುವಿಲ್ಲದೆ ವರದಿ ಕಳಿಸುವ ಭಾಗ. ಅದನ್ನು ಯಾರೂ ನೋಡಿರಲಿಲ್ಲ.

ಪಾರಿಸನ ಭಾಗವೂ ಸೆಕೆಂಡಿಗೆ ನೂರು ಸಲವೇ ಎದ್ದು, ಚಿಟಿಕೆಯಷ್ಟು ಕೆಲಸ ಮಾಡಿ ಮಲಗುತ್ತಿತ್ತು. ಇಣುಕುಗಣ್ಣು ತಾಳ ಹಿಡಿಯುತ್ತಿದ್ದದ್ದೂ ಅದೇ ಚಿಪ್ಪಿನ ಗಡಿಯಾರದಿಂದ. ಪಕ್ಕದ ಮನೆಯವನು ದಿನಾ ಏಳು ಗಂಟೆಗೆ ಒಂದು ಗಳಿಗೆ ಕಟ್ಟೆಯ ಮೇಲೆ ಕೂರುತ್ತಾನೆ ಎನ್ನಿ. ನಾವೂ ದಿನಾ ಏಳಕ್ಕೇ ಕಿಟಕಿ ತೆಗೆದು, ಇವನಿಗೆ ಕೂರುವುದೇ ಕೆಲಸ ಎಂದುಕೊಂಡ ಹಾಗೆ. ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಹಳೆಯ ತಪ್ಪು ಅದು. ಬೇರೆ ಯಾರ ಭಾಗವಾಗಿದ್ದರೂ ನೀಲಾ ತಾಳ ಬದಲಿಸಿ ನೋಡಿರುತ್ತಿದ್ದಳು. ಕೆಂಪು ಪಟ್ಟಿ ಹಿತವಾಗಿತ್ತು, ಹಾಗಾಗಿ ಅದನ್ನೇ ಮತ್ತೆ ಮತ್ತೆ ನೋಡಿದ್ದಳು.

ಸದ್ದಿಲ್ಲದೆ ತಾಳ ತಿದ್ದಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಹಿಯೂ ಆಗುತ್ತಿತ್ತು.

ಭಾನುವಾರ ನಡುಮಧ್ಯಾಹ್ನ ಅವಳು ಹೇಳದೆ ಕೇಳದೆ ಪಾರಿಸನ ಮನೆಗೆ ಹೋದಳು. ಬಾಗಿಲು ತೆರೆದಿತ್ತು. ಒಳಗೆ ಅವನು ಬಲಮಂಡಿಗೆ ಹಲಗೆ ಬಿಗಿದು, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಹಡಿಯ ಮೆಟ್ಟಿಲು ಇಳಿಯುತ್ತಿದ್ದ. ಜಾರಿದ. ಗೋಡೆಗೆ ಭುಜ ಬಡಿಯಿತು. ಬೈದುಕೊಳ್ಳುತ್ತ ಮತ್ತೆ ಮೇಲೆ ಹತ್ತಿದ. ಮೊಣಕೈ ತುಂಬ ನೀಲಿಗಟ್ಟಿದ ಹಳೆಯ ಕಲೆಗಳು. ನಗುನಗುತ್ತಲೇ ಅವನಿಗೆ ಎಲ್ಲ ಹೊಳೆಯುತ್ತದೆ ಎಂದು ಇಷ್ಟು ವರ್ಷ ನೀಲಾ ತಿಳಿದಿದ್ದಳು.

"ಯಾರದು?" ಅವನು ಟವೆಲ್ ಸರಿಸಿದ. "ನೀಲಾ? ಬಾ, ಬಾ. ಚಹಾ ಮಾಡ್ತೀನಿ. ನಿನ್ನ ಲೆಕ್ಕ ಖರೇನ ಇರಬೇಕಂತ ಅನಸ್ತು. ನನ್ನ ಭಾಗ ಸಣ್ಣದು ಮಾಡೂದೈತಿ, ಎಷ್ಟು ಹೆದರಿಕಿ ಕಡಿಮಿ ಮಾಡಿದ್ರೂ ಮನಷಾ ಬೀಳೂದಿಲ್ಲ ಅಂತ ನೋಡಾಕತ್ತೇನಿ."

ಅವಳಿಗೆ ಆ ಕಲೆಗಳ ಮೇಲೂ ಹೊಟ್ಟೆಕಿಚ್ಚಾಯಿತು.

"ನಿಂದಲ್ಲ, ನನ್ನ ಲೆಕ್ಕ ತಪ್ಪು" ಎಂದಳು ಹೊಸ್ತಿಲಲ್ಲೇ ನಿಂತು. ತಾಳದ ವಿಷಯವನ್ನೂ, ತಾನು ಅದನ್ನು ಯಾಕೆ ಬದಲಿಸಿ ನೋಡಲಿಲ್ಲ ಎಂಬುದನ್ನೂ ಹೇಳಿದಳು.

ಪಾರಿಸ ಮೆಟ್ಟಿಲ ಮೇಲೆ ಕೂತು ಹಲಗೆ ಬಿಚ್ಚಿದ. ನಗಲಿಲ್ಲ. "ಮೆಹಬೂಬಿ ಕೈ ಹ್ಯಾಂಗೈತಿ?"

"ಮುರದಿಲ್ಲ."

"ನಾಳೆ ಸಹಿ ಮಾಡೂಕಿಂತ ಮೊದಲ ಎಲ್ಲಾರ ಮುಂದ ಇದನ್ನ ಹೇಳ್ತೀಯೇನು?"

"ಹೇಳ್ತೀನಿ."

"ಹಂಗಾರ ಹೇಳಿ ಬಾ. ಚಹಾ ಆಮ್ಯಾಲ ಕುಡ್ಯೂಣಂತ." ಅವನು ಬಾಗಿಲು ಹಾಕಿಕೊಂಡ.

ಸೋಮವಾರ ಸಹಿಯಾಗಲಿಲ್ಲ. ತಾಳ ತಪ್ಪಿಸಿ ಇಣುಕುವ ಹೊಸ ಕಣ್ಣು ಒಪ್ಪಿಗೆ ಪಡೆಯಲು ವರ್ಷಗಳೇ ಹಿಡಿದವು. ಆಮೇಲೆ ಅದನ್ನು ಬಳಸುವವರಿಗೆ ತರಬೇತಿ ಕೊಡುವ ಕೆಲಸ ನೀಲಾಳದೇ ಆಯಿತು. ಒಮ್ಮೆ ತರಗತಿಯಲ್ಲಿ ಒಬ್ಬಳು ಕೇಳಿದಳು: "ಮೇಡಂ, ನಾವು ಯಾವಾಗ್ಲೂ ಒಂದೇ ಗಳಿಗಿಗೆ ನೋಡಾಕತ್ತೇವಿ ಅಂತ ನಮಗ ಹ್ಯಾಂಗ ಗೊತ್ತಾಗಬೇಕ್ರಿ?"

ನೀಲಾ ಪರದೆಯ ಮೇಲಿನ ಪಟ್ಟಿಗಳನ್ನು ಅಳಿಸಿದಳು.

"ಕಂಡದ್ದು ನಿಮಗ ಭಾಳ ಖುಷಿ ಕೊಡಾಕತ್ತಿದ್ರ," ಎಂದಳು, "ಮತ್ತೊಂದು ಹೊತ್ತಿಗೆ ಹೋಗಿ ನೋಡ್ರಿ."