ರವಿವಾರ ಬರೆದ ಪ್ರಮಾಣಪತ್ರ

ನವೆಂಬರ್ ನಾಲ್ಕು, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬೀಡಿ ಊರಿನ ಗೌರವ್ವ ಖಾನಾಪುರ ಠಾಣೆಗೆ ಬಂದರು. ಅವರ ಮಗಳು ಸಾಕ್ಷಿ, ಇಪ್ಪತ್ತಾರರ ಶಾಲಾ ಶಿಕ್ಷಕಿ, ಹಿಮಾಲಯದ ಚಾರಣಕ್ಕೆ ಹೋದವಳು ಅಕ್ಟೋಬರ್ ಹದಿನಾರರಂದು ಹದಿನಾಲ್ಕು ಸಾವಿರ ಅಡಿ ಎತ್ತರದ ಡೇರೆಯಲ್ಲಿ ತೀರಿಕೊಂಡಿದ್ದಳು. ಚಾರಣದವರು ಮರಳಿಸಿದ ಸಾಮಾನಿನಲ್ಲಿ ಒಂದು ವೈದ್ಯಕೀಯ ಪ್ರಮಾಣಪತ್ರವಿತ್ತು.

"ಹ್ವಾದ ವರ್ಷ ಅದ ಗುಡ್ಡದಾಗ ಎದಿಯೊಳಗ ನೀರು ತುಂಬಿ ತಿರುಗಿ ಬಂದಿದ್ಲುರಿ. ಮತ್ತ ಅಷ್ಟು ಮ್ಯಾಲ ಹೋಗಬ್ಯಾಡ ಅಂತ ಡಾಕ್ಟ್ರು ಬರದು ಕೊಟ್ಟಿದ್ರು. ಈಗ ಅವರ ಹೋಗಬಹುದು ಅಂತ ಹೆಂಗ ಬರದಾರ?"

ಇನ್‌ಸ್ಪೆಕ್ಟರ್ ಅನುರಾಧಾ ಎಫ್‌ಐಆರ್ ದಾಖಲಿಸಿಕೊಂಡು ಪತ್ರದಲ್ಲಿ ಹೆಸರಿದ್ದ ಡಾಕ್ಟರ್ ಉಳವಪ್ಪನವರ ದವಾಖಾನೆಗೆ ಹೋದರು. ಮುದುಕರು ಕನ್ನಡಕ ಏರಿಸಿ ಪತ್ರವನ್ನು ಬಹಳ ಹೊತ್ತು ನೋಡಿದರು.

"ಸಹಿ ನಂದ ಐತಿ. ಆದ್ರ ನಾ ಮಾಡಿದ್ದಲ್ಲ."

ಪತ್ರದ ತಾರೀಖು ಸೆಪ್ಟೆಂಬರ್ ಇಪ್ಪತ್ತೆಂಟು, ರವಿವಾರ. ಅಂದು ದವಾಖಾನೆ ಮುಚ್ಚಿತ್ತು. ಕಾನ್‌ಸ್ಟೆಬಲ್ ಸತ್ಯಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೊಹರಿನ ಮೇಲೊಂದು ಮಡಿಕೆಯ ಗೆರೆ ಅಚ್ಚಾಗಿತ್ತು, ಹಾಳೆಯನ್ನು ಮಾತ್ರ ಅಲ್ಲಿ ಮಡಿಚಿರಲಿಲ್ಲ. ಸಹಿ, ಮೊಹರು ಎರಡನ್ನೂ ಯಾರೋ ಹೋದ ವರ್ಷದ ಹಳೆಯ ಪತ್ರದಿಂದ ಎತ್ತಿದ್ದರು. ಆ ಹಳೆಯ ಪತ್ರ ಎಲ್ಲಿದೆ ಎಂದು ಕೇಳಿದಾಗ, ಗೌರೀಶನ ಕಡೆ ಇರಬೇಕು ಎಂದರು ಗೌರವ್ವ. ಸಾಕ್ಷಿಯನ್ನು ಮದುವೆಯಾಗಬೇಕಿದ್ದವನು ಅವನು. ಎರಡೂ ವರ್ಷ ಜೊತೆಗೆ ಹೋಗಿದ್ದ. ಬೆಳಗಾವಿಯ ವಡಗಾವಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಅವನದು.

ಚಾರಣದ ಮುಖ್ಯಸ್ಥ ಶಿವಲಿಂಗ ಫೋನಿನಲ್ಲಿ ಹೇಳಿದ್ದಿಷ್ಟು: ಹದಿಮೂರರಂದೇ ಅವಳಿಗೆ ತಲೆನೋವು ಶುರುವಾಗಿತ್ತು. ತಲೆನೋವು ಬಂದವರು ಮೇಲೇರಬಾರದು, ಕೆಮ್ಮು ಬಂದರೆ ಕೆಳಗಿಳಿಯಬೇಕು. ತಾನು ತಡೆದಾಗ ಗೌರೀಶ ಪ್ರಮಾಣಪತ್ರ ತೋರಿಸಿ, ನಿದ್ದೆ ಆಗಿಲ್ಲ ಅಷ್ಟೇ ಅಂದಿದ್ದ. ಅದನ್ನು ನಂಬಿದ್ದು ತನ್ನ ತಪ್ಪು.

ಶಿವಲಿಂಗ ಕಳಿಸಿದ ವಿಡಿಯೋವನ್ನು ಅನುರಾಧಾ ಬೆಳಗಾವಿಯ ದಾರಿಯಲ್ಲಿ ಜೀಪಿನಲ್ಲೇ ನೋಡಿದರು. ಹುಲ್ಲೆಲ್ಲ ತಾಮ್ರದ ಬಣ್ಣ. ನೀರಿನೊಳಗೆ ನಡೆಯುವವಳ ಹಾಗೆ ಸಾಕ್ಷಿ ನಾಲ್ಕು ಹೆಜ್ಜೆ ಇಡುವಳು, ನಿಲ್ಲುವಳು, ಅಂಗೈಗೆ ಕೆಮ್ಮಿ ನಗುವಳು. ಅನುರಾಧಾ ಮತ್ತೆ ಮತ್ತೆ ನೋಡಿದರು. ಜೀಪು ಓಡುತ್ತಿದೆಯೋ ತೇಲುತ್ತಿದೆಯೋ ತಿಳಿಯದಾಯಿತು; ತಮ್ಮ ಉಸಿರೂ ಅವಳ ಹೆಜ್ಜೆಯ ಲಯಕ್ಕೆ ಬಿದ್ದಿತ್ತು. ವಡಗಾವಿಯ ಓಣಿಯಲ್ಲಿ ಮಗ್ಗಗಳ ಸದ್ದು ಕೇಳಿದ ಮೇಲೆಯೇ ಎಚ್ಚರ.

ಗೌರೀಶ ಏನನ್ನೂ ಅಲ್ಲಗಳೆಯಲಿಲ್ಲ. ಡ್ರಾವರಿನಿಂದ ಹಳೆಯ ಪತ್ರ ತೆಗೆದು ತಾನೇ ಮೇಜಿನ ಮೇಲಿಟ್ಟ. ಇಬ್ಬರು ಪಂಚರೆದುರು ಪತ್ರ, ಕಂಪ್ಯೂಟರ್ ಜಪ್ತಿಯಾದವು. ನಾಲ್ಕು ಹತ್ತಕ್ಕೆ ಪಂಚನಾಮೆ ಮುಗಿಯಿತು. ಖೋಟಾ ದಾಖಲೆಯ ಆರೋಪದ ಮೇಲೆ ಅವನನ್ನು ಬಂಧಿಸಿದರು.

"ಮಾಡಿಕೊಡು ಅಂತ ಅಕಿ ಕೇಳಿದ್ಲೇನು?" ಹೌದು ಎನ್ನುತ್ತಾನೆಂದೇ ಅನುರಾಧಾ ತಿಳಿದಿದ್ದರು.

"ಇಲ್ರಿ. ಅಕಿ ಒಲ್ಲೆ ಅಂದಿದ್ಲು." ಅವನು ನೆಲ ನೋಡಿದ. "ಹ್ವಾದ ವರ್ಷ ತುದಿಗೆ ಎರಡ ತಾಸಿನ ದಾರಿ ಉಳಿದಿತ್ರಿ. ಅಕಿ ಸಲುವಾಗಿ ನಾನೂ ಹೊಳ್ಳಿ ಬಂದೆ. ವರ್ಷಪೂರ್ತಿ ಅದ ಕನಸು. ನಿನ್ನ ಸಲುವಾಗಿ ತಪ್ಪಿತು ಅಂತ ಅಕಿ ಮುಂದ ಅಂದು ಅಂದು ತೋರಿಸಿದೆ. ಕಡೀಕ ಆತು, ಬರ್ತೀನಿ ಅಂದ್ಲು."

ಹದಿನಾರರ ಬೆಳಿಗ್ಗೆ ಸಾಕ್ಷಿ, ನನಗೆ ಏಳಲಾಗುವುದಿಲ್ಲ, ನೀನು ನೋಡಿ ಬಾ ಎಂದಿದ್ದಳಂತೆ. ಇವನು ಹೋದ. ಹನ್ನೊಂದಕ್ಕೆ ಮರಳಿದಾಗ ಅವಳು ಮಲಗಿದ ಹಾಗೆಯೇ ಇದ್ದಳು.

"ತುದಿ ನೋಡಿದಿ?"

"ನೋಡಿದೆರಿ. ಭಾಳ ಚಂದ ಇತ್ತು," ಎಂದು ಅವನು ಮುಖ ಮುಚ್ಚಿಕೊಂಡ.

ಪ್ರಕರಣಕ್ಕೆ ಆ ಮಾತು ಬೇಕಿರಲಿಲ್ಲ. ಆದರೂ ಅನುರಾಧಾ ಅದನ್ನು ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡರು.