ಅಶ್ರುಮಣಿ ಮತ್ತು ದಾಕ್ಷಾಯಿಣಿ ಅಕ್ಕೋರ ಸಿಟ್ಟು

ದಾಕ್ಷಾಯಿಣಿ ಅಕ್ಕೋರಿಗೆ ಸಿಟ್ಟು ನೆತ್ತಿಗೇರಿತ್ತು. ಆದ್ದರಿಂದ ಅವರ ಎರಡೂ ಕಣ್ಣುಗಳಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು.

"ಅಳಬ್ಯಾಡ್ರಿ ಅಕ್ಕೋರ," ಎಂದು ವಾಲಿಬಾಲ್ ತಂಡದ ನಾಯಕಿ ಕರವಸ್ತ್ರ ಚಾಚಿದಳು.

"ಅಳಾಕತ್ತಿಲ್ಲ ನಾ! ಬೈಯಾಕತ್ತೀನಿ!"

ಇಡೀ ತಂಡ ಸುತ್ತುವರಿದು ಅವರ ಬೆನ್ನು ಸವರಿತು. ಗದಗಿನ ಮೂರು ಶಾಲೆಗಳನ್ನು ಇಪ್ಪತ್ತೆರಡು ವರ್ಷ ನಡುಗಿಸಿದ ದೈಹಿಕ ಶಿಕ್ಷಕಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ.

ಇದೆಲ್ಲ ಅಶ್ರುಮಣಿಯ ಕೆಲಸ. ಅಕ್ಕೋರಿಗಿದ್ದದ್ದು ಶೋಗ್ರೆನ್ ಎಂಬ ಕಾಯಿಲೆ. ಇದರಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ಪಡೆಯೇ ದಿಕ್ಕುತಪ್ಪಿ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಕಣ್ಣಲ್ಲಿ ಸದಾ ಮರಳು ಹೊಕ್ಕಂತೆ ಉರಿ. ಅಲಕ್ಷಿಸಿದರೆ ಕಣ್ಣುಗುಡ್ಡೆಯ ಮೇಲ್ಪದರಕ್ಕೆ ಗೀರು ಬಿದ್ದು ನೋಟವೇ ಮಂದ. ಕೆಳರೆಪ್ಪೆಯೊಳಗೆ ಕೂರುವ ಸಾಸಿವೆಗಾತ್ರದ ಅಶ್ರುಮಣಿ ಗಾಳಿಯ ತೇವವನ್ನು ಹೀರಿಕೊಂಡು, ಕಣ್ಣು ಒಣಗಿದೊಡನೆ ಹನಿ ಬಿಡುತ್ತಿತ್ತು. ಗದಗಿನ ಗಾಳಿಯಲ್ಲಿ ಅದಕ್ಕೆ ತೇವ ಎಲ್ಲಿ ಸಿಗುತ್ತಿತ್ತೋ, ಅಂತೂ ಸಿಗುತ್ತಿತ್ತು.

"ಸಿಟ್ಟು ಬಂದಾಗ ನೀವು ಕಣ್ಣು ಮಿಟುಕಿಸೂದಿಲ್ಲ ಅಕ್ಕೋರ," ಎಂದು ವಿವರಿಸಿದ ಡಾಕ್ಟರ್ ಇಮ್ತಿಯಾಜ್ ನದಾಫ್. ಮಣಿಯನ್ನು ಕಂಡುಹಿಡಿದವನು ಅವನೇ. ಅಕ್ಕೋರ ಹಳೆಯ ವಿದ್ಯಾರ್ಥಿ. "ದಿಟ್ಟಿಸಿ ನೋಡ್ತೀರಿ, ಕಣ್ಣು ಒಣಗ್ತದ, ಮಣಿ ನೀರು ಬಿಡ್ತದ."

"ನಿನ್ನ ಪ್ರಯೋಗದಾಗ ಯಾರಿಗೂ ಸಿಟ್ಟು ಬಂದಿರಲಿಲ್ಲೇನು?"

"ಮೊದಲು ಮೊಲಕ್ಕ ಹಾಕಿದ್ವಿರಿ. ಮೊಲಕ್ಕ ಅಷ್ಟು ಸಿಟ್ಟು ಬರೂದಿಲ್ಲ. ನೀವು ಮಿಟುಕಿಸಿಕೋತ ಬೈರಿ."

"ಹಂಗ ಬೈದ್ರ ಕಣ್ಣು ಹೊಡದಂಗ ಆಗ್ತೈತೋ!"

ಆದರೂ ಅವರು ಮಣಿ ಬಿಡಲು ತಯಾರಿರಲಿಲ್ಲ. ಹನ್ನೊಂದು ವರ್ಷಗಳ ಉರಿಯ ನಂತರ ಬಿಸಿಲಲ್ಲಿ ಹಾರುವ ಚೆಂಡು ಒಂದೇ ಚೆಂಡಾಗಿ ಕಂಡಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಪತ್ರ ಬಂತು: ಪ್ರಯೋಗದ ಅವಧಿ ಮುಗಿದಿದೆ, ಕಾಯಿಲೆ ಪ್ರಾಣಾಪಾಯದ್ದಲ್ಲ, ಮೂವತ್ತಾರೂ ರೋಗಿಗಳು ಮಣಿ ಹಿಂದಿರುಗಿಸತಕ್ಕದ್ದು. ಆಕ್ಷೇಪಣೆಯಿದ್ದರೆ ಸಮಿತಿಯ ಮುಂದೆ ಹೇಳತಕ್ಕದ್ದು.

ಸಮಿತಿಯಲ್ಲಿ ಮೂವರಿದ್ದರು; ನದಾಫ್ ಮೂಲೆಯಲ್ಲಿ ಕುಳಿತಿದ್ದ. "ಇದು ನ್ಯಾಯ ಏನ್ರಿ?" ಎಂದು ಅಕ್ಕೋರು ಗುಡುಗಿದ್ದೇ ತಡ, ಕಣ್ಣೀರು ಹರಿಯಿತು.

"ಅಳಬ್ಯಾಡ್ರಿ ತಂಗಿ," ಅಧ್ಯಕ್ಷ ಹಿರೇಗೌಡರು ಕರಗಿಹೋದರು. "ಕರುಣೆಯಿಂದ ನಿಮಗೊಬ್ರಿಗೆ ಬಿಡೂಣು."

"ಉಳಿದ ಮೂವತ್ತೈದು ಮಂದಿ?"

"ಅವರು ಬಂದು ಅತ್ತಿಲ್ಲಲ್ಲ."

ಅಕ್ಕೋರು ಎರಡೂ ಮಣಿಗಳನ್ನು ತೆಗೆದು, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. ಕಣ್ಣು ಉರಿಯುತ್ತಿದ್ದಂತೆಯೇ ಮತ್ತೆ ಮೊದಲಿನಿಂದ ಬೈದರು.

"ನೋಡ್ರಿ, ಮಣಿ ಇಲ್ದಿದ್ರೂ ಆರಾಮ ಅದಾರ," ಎಂದು ಅಧ್ಯಕ್ಷರು ಬರೆದುಕೊಂಡರು. "ಒಂದು ಹನಿ ನೀರಿಲ್ಲ."

"ಸಾವಧಾನ್!"

ಮೂವರೂ ತಮಗರಿವಿಲ್ಲದೆಯೇ ಎದ್ದು ನೆಟ್ಟಗೆ ನಿಂತರು.

"ಕಣ್ಣು ಅಗಲಸ್ರಿ! ನಾ ಹೇಳೂತನಕ ಯಾರೂ ಮಿಟುಕಿಸಂಗಿಲ್ಲ. ಒಂದು! ಎರಡು!"

ಮೂವತ್ತಕ್ಕೆ ಎಡಗಡೆಯ ಸದಸ್ಯರ ಕೆನ್ನೆ ತೊಯ್ದಿತು. ನಲವತ್ತಕ್ಕೆ ಬಲಗಡೆಯವರು ಮೂಗೊರೆಸಿಕೊಂಡು, "ಉರೀತದ್ರಿ ಮೇಡಂ," ಎಂದರು.

"ನನಗ ಹನ್ನೊಂದು ವರ್ಷ ಉರದೈತಿ. ನಲವತ್ತೊಂದು!"

ಹಿರೇಗೌಡರ ಕಣ್ಣುಗಳು ಮಾತ್ರ ಕೆಂಡದಂತಾದವೇ ಹೊರತು ಒಂದು ಹನಿಯೂ ಒಸರಲಿಲ್ಲ. ಮೂಲೆಯಲ್ಲಿದ್ದ ನದಾಫ್ ಹತ್ತಿರ ಬಂದು, ಅವರನ್ನು ಕೂರಿಸಿ, ಕೆಳರೆಪ್ಪೆಗೆ ಕಣ್ಣೀರು ಅಳೆಯುವ ಕಾಗದದ ಸಣ್ಣ ಪಟ್ಟಿಯೊಂದನ್ನು ಸಿಕ್ಕಿಸಿದ. ಐದು ನಿಮಿಷ ಕಳೆದರೂ ಪಟ್ಟಿ ಒಣಗಿಯೇ ಇತ್ತು.

"ಬಾಯಿನೂ ಒಣಗ್ತದೇನ್ರಿ ಸರ?"

"ನೀರಿಲ್ಲದೆ ರೊಟ್ಟಿ ಇಳಿಯೂದಿಲ್ಲಪಾ. ವಯಸ್ಸಾತು ಅಂದ್ಕೊಂಡಿದ್ದೆ."

"ರಕ್ತ ಪರೀಕ್ಷೆ ಮಾಡಿಸೂಣ್ರಿ. ನನಗ್ಯಾಕೋ ಅಕ್ಕೋರಿಗಿದ್ದ ಕಾಯಿಲೇನ ಅನಸ್ತದ."

ಹಿರೇಗೌಡರು ಮೇಜಿನ ಮೇಲಿನ ಡಬ್ಬಿಯನ್ನು ಬಹಳ ಹೊತ್ತು ನೋಡಿದರು. ಮೆಲ್ಲಗೆ ಕೈ ಚಾಚಿದರು. ಅಕ್ಕೋರು ಅದರ ಮೇಲೆ ಅಂಗೈ ಬಡಿದರು.

"ಮೊದಲು ಸಹಿ ಮಾಡ್ರಿ. ಮೂವತ್ತಾರು ಮಂದಿಗೂ."

ಅಧ್ಯಕ್ಷರು ಪೆನ್ನು ತೆಗೆದು, ಆದೇಶ ಬರೆಯುತ್ತ ನಡುವೆ ನಿಲ್ಲಿಸಿದರು.

"ಮೂವತ್ತೇಳು ಅಂತ ಬರೀಲೇನು, ತಂಗಿ?"

"ಬರೀರಿ," ಎಂದರು ಅಕ್ಕೋರು, ಸಿಟ್ಟು ಒಂದಿಷ್ಟೂ ಇಳಿಯದೆ. "ನಿಮ್ಮ ಹೆಸರು ಕಡೀಕಿರಲಿ."